ಸೊನ್ನೆ ರೂಪಾಯಿಯ ಎಸ್ಟಿಮೇಟು

ಸರಕಾರಿ ಕಚೇರಿಯಲ್ಲಿ ಹತ್ತು ಲಕ್ಷದ ಕೆಲಸ ಆಗುತ್ತದೆ, ಹತ್ತು ಕೋಟಿಯದೂ ಆಗುತ್ತದೆ. ಆಗದೇ ಉಳಿಯುವುದು ಪುಕ್ಕಟೆ ಕೆಲಸ ಮಾತ್ರ. ಇದು ನನ್ನ ಮಾತಲ್ಲ, ಕಾರವಾರದ ಒಂದು ಕಚೇರಿಯ ಕಡತದ ಮಾತು. ಯಾವ ಕಚೇರಿ ಎಂದು ಕೇಳಬೇಡಿ. ಓದುತ್ತಾ ಹೋದಂತೆ ನಿಮ್ಮೂರಿನದೇ ಅನ್ನಿಸಿದರೆ ಅದಕ್ಕೆ ಈ ಅಂಕಣಕಾರ ಜವಾಬ್ದಾರನಲ್ಲ.

ಕಡತದ ಮೊದಲ ಹಾಳೆ ಬೆಂಗಳೂರಿನಿಂದ ಬಂದ ಪತ್ರ. 'ತಮ್ಮ ಕಚೇರಿಯ ಸರ್ವರಿನಲ್ಲಿರುವ ವಿಮ್ ಎಂಬ ಟೆಕ್ಸ್ಟ್ ಎಡಿಟರಿನಲ್ಲಿ ಭದ್ರತಾ ಲೋಪಗಳಿರುವುದು ಗಮನಕ್ಕೆ ಬಂದಿದ್ದು, ಸಿಸ್ಟಮ್ ಅಪ್‌ಡೇಟ್ ಮೂಲಕ ಸರಿಪಡಿಸಿ, ಏಳು ದಿನದೊಳಗೆ ಅನುಪಾಲನಾ ವರದಿ ಸಲ್ಲಿಸತಕ್ಕದ್ದು.' ಇದನ್ನು ಓದಿದ ಸ್ಟೋರಿನವರು ಪಾತ್ರೆ ತೊಳೆಯುವ ಸೋಪಿಗೆ ಇಂಡೆಂಟ್ ಹಾಕಿದರು ಎಂಬ ಜೋಕನ್ನು ನೀವೇ ಮಾಡಿಕೊಳ್ಳಬಹುದು, ಅದಕ್ಕೆ ಅಂಕಣ ಬೇಡ. ನಿಜವಾಗಿ ನಡೆದದ್ದು ಇನ್ನೂ ಗಂಭೀರ.

ಟೆಕ್ಸ್ಟ್ ಎಡಿಟರ್ ಅಂದರೆ ಅಕ್ಷರ ಬರೆಯಲು, ತಿದ್ದಲು ಇರುವ ಬರಿಯ ಸಲಕರಣೆ. ಬಣ್ಣ ಇಲ್ಲ, ಬಾರ್ಡರ್ ಇಲ್ಲ, ಮದುವೆ ಕಾರ್ಡಿನ ಗಣಪತಿ ಇಲ್ಲ. ಸರ್ವರ್ ನೋಡಿಕೊಳ್ಳುವವರಿಗೆ ಮಾತ್ರ ಇದಿಲ್ಲದೆ ಕೈಕಾಲು ಆಡುವುದಿಲ್ಲ. 1976ರಲ್ಲಿ ಬಿಲ್ ಜಾಯ್ ಎಂಬಾತ ಬರ್ಕ್ಲಿಯಲ್ಲಿ ಓದುತ್ತಿದ್ದಾಗ 'ವಿಐ' ಎಂಬ ಎಡಿಟರ್ ಬರೆದ. ಅದನ್ನು ಸುಧಾರಿಸಿ ನೆದರ್ಲ್ಯಾಂಡ್ಸಿನ ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದದ್ದು ವಿಮ್. ದುಡ್ಡು ಬೇಡ, ಮನಸ್ಸಿದ್ದರೆ ಯುಗಾಂಡಾದ ಮಕ್ಕಳಿಗೆ ನೆರವಾಗಿ ಎಂದು ಅದರ ಪರವಾನಗಿಯಲ್ಲೇ ಬರೆದಿಟ್ಟ. 2023ರ ಆಗಸ್ಟಿನಲ್ಲಿ ತೀರಿಕೊಂಡ. ಅವನ ನಂತರ ಬೇರೆಯವರು ಹೆಗಲು ಕೊಟ್ಟಿದ್ದಾರೆ. ತೂತು ಸಿಕ್ಕಿದಾಗೆಲ್ಲ ಮುಚ್ಚುತ್ತಾರೆ. ಇವರಲ್ಲಿ ಯಾರೂ ಟಿಎ-ಡಿಎ ಬಿಲ್ ಹಾಕಿದ ದಾಖಲೆ ಇಲ್ಲ. ನಮ್ಮವರಿಗೆ ಮೊದಲ ಅನುಮಾನ ಹುಟ್ಟಿದ್ದೇ ಇಲ್ಲಿ.

ಅಕ್ಷರ ಬರೆಯುವ ಸಲಕರಣೆಯಲ್ಲಿ ಎಂಥ ತೂತು ಮಾರಾಯ್ರೇ ಎಂದು ನೀವು ಕೇಳಬಹುದು. 2019ರಲ್ಲಿ ಸಿಕ್ಕಿದ್ದನ್ನೇ ನೋಡಿ. ವಿಮ್‌ನಲ್ಲಿ ಮೋಡ್‌ಲೈನ್ ಎಂಬ ಒಂದು ಸೌಕರ್ಯ ಇದೆ. ಫೈಲು ತೆರೆದ ಕೂಡಲೇ ಅದು ಮೊದಲ ಐದು ಸಾಲು, ಕೊನೆಯ ಐದು ಸಾಲು ನೋಡುತ್ತದೆ. ಅಲ್ಲಿ 'ನನ್ನನ್ನು ಹೀಗೆ ತೋರಿಸು' ಎಂಬ ಸೂಚನೆ ಇದ್ದರೆ ಹಾಗೇ ಮಾಡುತ್ತದೆ. ಆ ಸೂಚನೆಯ ವೇಷದಲ್ಲಿ ಬೇಕಾದ ಆಜ್ಞೆಯನ್ನೇ ತುರುಕಬಹುದು ಎಂದು ಒಬ್ಬ ಸಂಶೋಧಕ ತೋರಿಸಿಕೊಟ್ಟ. ನೀವು ಫೈಲು ತೆರೆದರೆ ಸಾಕು, ಒಳಗಿದ್ದ ಆಜ್ಞೆ ನಿಮ್ಮ ಹೆಸರಿನಲ್ಲೇ ಓಡುತ್ತದೆ. ಮೇಲಿನ ನಾಲ್ಕು ಸಾಲು, ಕೆಳಗಿನ ನಾಲ್ಕು ಸಾಲು ನೋಡಿ, ನಡುವೆ ಏನಿದೆ ಎಂದು ಕೇಳದೆ ಸಹಿ ಹಾಕುವ ಸಾಹೇಬರನ್ನು ಕಂಡವರಿಗೆ ಈ ಲೋಪ ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ, ವಿಮ್‌ನವರು ಅದನ್ನು 8.1.1365ನೇ ಆವೃತ್ತಿಯಲ್ಲಿ ಸರಿಪಡಿಸಿದರು.

ವಿಮ್ ಒಂದನ್ನೇ ಬೈಯುವುದೂ ಸರಿಯಲ್ಲ. ವಿಂಡೋಸ್‌ನ ನೋಟ್‌ಪ್ಯಾಡ್ 1985ರಿಂದ ಮೂಲೆಯಲ್ಲಿ ತನ್ನ ಪಾಡಿಗೆ ಕೂತಿದ್ದ ಬಡಪಾಯಿ. ಅದಕ್ಕೆ ಮೊನ್ನೆ ಮೊನ್ನೆ ಮಾರ್ಕ್‌ಡೌನ್ ಎಂಬ ಅಲಂಕಾರ ಮಾಡಿದರು. ಅಲಂಕಾರದ ಜೊತೆಗೆ, ಫೈಲಿನೊಳಗಿನ ಲಿಂಕ್ ಒತ್ತಿದರೆ ಬೇರೆಯವರ ಪ್ರೋಗ್ರಾಂ ಓಡುವ ದಾರಿಯೂ ಬಂತು. 2026ರ ಫೆಬ್ರವರಿಯ ಅಪ್‌ಡೇಟಿನಲ್ಲಿ ಅದನ್ನೂ ಮುಚ್ಚಬೇಕಾಯಿತು.

ಇನ್ನು ನಮ್ಮ ಕಡತ.

ಆ ಕಚೇರಿಯಲ್ಲಿ ಕಂಪ್ಯೂಟರ್ ಗೊತ್ತಿರುವವನು ಒಬ್ಬನೇ, ಅಂಕೋಲಾ ಕಡೆಯ ಹುಡುಗ, ಹೊರಗುತ್ತಿಗೆ. ಆದ್ದರಿಂದ ಅವನ ಮಾತು ಯಾರೂ ಕೇಳುವುದಿಲ್ಲ, ಅವನಿಲ್ಲದೆ ಏನೂ ನಡೆಯುವುದಿಲ್ಲ. ಪತ್ರ ಓದಿ ಅವನು ಖುಷಿಯಿಂದ ಸಾಹೇಬರ ಚೇಂಬರಿಗೆ ಹೋದ. "ಐದು ನಿಮಿಷದ ಕೆಲಸ ಸರ್. ಎರಡು ಸಾಲು ಟೈಪ್ ಮಾಡಿದರಾಯ್ತು, ಸುಡೋ ಆಪ್ಟ್ ಅಪ್‌ಡೇಟ್, ಸುಡೋ ಆಪ್ಟ್ ಅಪ್‌ಗ್ರೇಡ್. ಮಾಮೂಲಿ ಸಿಸ್ಟಮ್ ಅಪ್‌ಡೇಟ್ ಮಾಡಿದರೆ ಸಾಕು ಅಂತ, ನಮ್ಮ ಸರ್ವರಿನಲ್ಲಿರುವ ಆಪರೇಟಿಂಗ್ ಸಿಸ್ಟಮ್ ಉಬುಂಟು, ಅವರ ಪ್ರಕಟಣೆಯಲ್ಲೇ ಅದೆ. ಒಂದು ರೂಪಾಯಿ ಖರ್ಚಿಲ್ಲ."

ಕೊನೆಯ ವಾಕ್ಯ ಹೇಳದಿದ್ದರೆ ಕೆಲಸ ಅವತ್ತೇ ಆಗುತ್ತಿತ್ತೋ ಏನೋ.

"ಖರ್ಚಿಲ್ಲ ಅಂದ್ರೆ?" ಎಂದರು ಸಾಹೇಬರು.

"ಪುಕ್ಕಟೆ ಸರ್."

"ಹಾಗಾದ್ರೆ ಯಾವ ಲೆಕ್ಕ ಶೀರ್ಷಿಕೆ?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಪಾಪ, ಡಿಪ್ಲೊಮಾದಲ್ಲಿ ಇದನ್ನು ಕಲಿಸುವುದಿಲ್ಲ. ಖರ್ಚಿನ ಕೆಲಸವಾದರೆ ಬಜೆಟ್ಟಿನಲ್ಲಿ ಒಂದು ತಲೆ ಹುಡುಕಬಹುದು. ಖರ್ಚೇ ಇಲ್ಲದ ಕೆಲಸಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಆಡಳಿತಾತ್ಮಕ ಮಂಜೂರಾತಿ ಬೇಕು ಅಂದರೆ ಮೊತ್ತ ಬರೆಯಬೇಕು. ಮೊತ್ತ ಸೊನ್ನೆ ಎಂದು ಬರೆದರೆ ತಂತ್ರಾಂಶ 'ಅಮಾನ್ಯ ಮೊತ್ತ' ಎಂದು ಕೆಂಪು ಅಕ್ಷರ ತೋರಿಸಿ ಮುಂದೆ ಹೋಗಲು ಬಿಡುವುದಿಲ್ಲ. ಒಂದು ರೂಪಾಯಿ ಎಂದು ಬರೆಯೋಣ ಅಂದರೆ, ಆ ರೂಪಾಯಿ ಎಲ್ಲಿ ಹೋಯಿತು ಎಂದು ಆಡಿಟಿನವರು ಕೇಳುತ್ತಾರೆ. ವಿಷಯ ನಿರ್ವಾಹಕಿ ಮೇಡಂ ಟಿಪ್ಪಣಿಯಲ್ಲಿ ಬರೆದದ್ದು ಹೀಗೆ: 'ಸದರಿ ಕಾಮಗಾರಿಯು ಉಚಿತವಾಗಿರುವುದರಿಂದ ಕೈಗೆತ್ತಿಕೊಳ್ಳಲು ಅವಕಾಶವಿರುವುದಿಲ್ಲ.'

ಹೆಡ್ ಕ್ಲರ್ಕು ಶಿರಸಿ ಕಡೆಯ ಹೆಗಡೇರು. ನಿವೃತ್ತಿ ಹತ್ತಿರ ಬಂದಿದೆ, ಮನಸ್ಸು ಆಗಲೇ ಅಡಿಕೆ ತೋಟದಲ್ಲಿದೆ. ವರ್ಷದ ಲೆಕ್ಕವೆಲ್ಲ ಅವರಿಗೆ ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿ ಜಾತ್ರೆಯ ಮೇಲೆ. ಸರ್ವರ್ ಯಾವಾಗ ತಂದದ್ದು ಎಂದು ಹುಡುಗ ಕೇಳಿದ್ದಕ್ಕೆ, "ಹಿಂದಿನ ಜಾತ್ರೆಗೆ ಅಲ್ಲ, ಅದರ ಹಿಂದಿನ ಜಾತ್ರೆಗೂ ಅಲ್ಲ, ಅದರ ಹಿಂದಿನದ್ದು" ಎಂದರು. ಅಂದರೆ 2022. ಆ ಸಲ ಜಾತ್ರೆ ಮುಗಿದ ಮುಂದಿನ ತಿಂಗಳೇ ಉಬುಂಟು 22.04 ಬಿಡುಗಡೆಯಾದದ್ದು, ಸರ್ವರಿನಲ್ಲಿ ಇರುವುದೂ ಅದೇ. ಐದು ವರ್ಷ ಪುಕ್ಕಟೆ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ಉಬುಂಟುವಿನವರು ಹೇಳಿಕೊಂಡಿದ್ದಾರೆ. ಹೆಗಡೇರು ಎಲ್ಲ ಕೇಳಿಸಿಕೊಂಡು ಕವಳ ಒಂದು ಕಡೆ ಸರಿಸಿ ಹೇಳಿದರು: "ಚೊಲೋ ನಡೀತಾ ಇದ್ದಲಾ ತಮಾ, ಎಂತಕ್ಕೆ ಮುಟ್ಟವು?"

ಈ ದೇಶದ ಅರ್ಧದಷ್ಟು ಕಂಪ್ಯೂಟರುಗಳು ನಡೆಯುತ್ತಿರುವುದು ಈ ಒಂದು ಪ್ರಶ್ನೆಯ ಮೇಲೆ ಎಂದು ನನ್ನ ಗುಮಾನಿ.

ಹುಡುಗ ಬಿಡಲಿಲ್ಲ. 2017ರ ಮಾರ್ಚ್ 14ಕ್ಕೇ ಮೈಕ್ರೋಸಾಫ್ಟ್ ತೂತು ಮುಚ್ಚುವ ಅಪ್‌ಡೇಟ್ ಕೊಟ್ಟಿತ್ತು, ಹಾಕಿಕೊಳ್ಳದವರನ್ನು ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಹಿಡಿಯಿತು, ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಆಪರೇಷನ್ ನಿಂತುಹೋದವು ಎಂದು ವಿವರಿಸಿದ. ಎರಡು ತಿಂಗಳ ಅವಕಾಶ ಇತ್ತು ಎಂದು ಬೆರಳು ಮಡಿಸಿ ತೋರಿಸಿದ. "ಎರಡು ತಿಂಗಳಲ್ಲಿ ನಮ್ಮಲ್ಲಿ ಫೈಲಿಗೆ ನಂಬರೂ ಬೀಳೂದಿಲ್ಲ" ಎಂದರು ಮ್ಯಾನೇಜರು. ಹುಡುಗ ಕಿಟಕಿಯಿಂದಾಚೆ ಕಾಳಿ ನದಿಯ ದಿಕ್ಕಿಗೆ ಕೈ ತೋರಿಸಿದ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಲಾರಿ ಸಮೇತ ನೀರಿಗೆ ಬಿದ್ದದ್ದು ಈ ಊರಿನಲ್ಲಿ ಯಾರಿಗೂ ಮರೆತಿಲ್ಲ. ಡ್ರೈವರ್ ಬದುಕಿದ್ದೇ ಪುಣ್ಯ. ಮ್ಯಾನೇಜರು ಅವನನ್ನು ಕರುಣೆಯಿಂದ ನೋಡಿದರು.

"ಅದೇ ನಾನೂ ಹೇಳೂದು. ಬೀಳೋಕೆ ಮೊದಲು ರಿಪೇರಿ ಮಾಡಿದ್ರೆ ಯಾವ ಲೆಕ್ಕದಲ್ಲಿ ಬರೆಯೂದು? ಬಿದ್ದ ಮೇಲಾದ್ರೆ ವಿಪತ್ತಿನ ದುಡ್ಡು ಇರ್ತದೆ."

ಕಡತ ಇಲ್ಲಿಗೇ ನಿಲ್ಲಬೇಕಿತ್ತು. ಆದರೆ ಬೆಂಗಳೂರಿನಿಂದ ನೆನಪೋಲೆ ಬಂತು, ಅದರ ಬೆನ್ನಿಗೆ ಎರಡನೇ ನೆನಪೋಲೆ. ಹೀಗಾಗಿ ಮೀಟಿಂಗು. ಮೀಟಿಂಗಿನಲ್ಲಿ ಗೋಡಂಬಿ, ಬಿಸ್ಕತ್ತು, ಚಾ. (ಇದಕ್ಕೆ ಲೆಕ್ಕ ಶೀರ್ಷಿಕೆ ಇದೆ.)

ಮೀಟಿಂಗಿನಲ್ಲಿ ಒಬ್ಬ ಅಧಿಕಾರಿ ಮೊಬೈಲಿನಲ್ಲಿ ಏನೋ ಓದಿಕೊಂಡು ಬಂದಿದ್ದರು. ಅಂಥವರು ಪ್ರತಿ ಮೀಟಿಂಗಿನಲ್ಲೂ ಒಬ್ಬರಿರುತ್ತಾರೆ. "ಅಪ್‌ಡೇಟ್ ಮಾಡಿದ್ದಕ್ಕೇ ಹಾಳಾದವರಿದ್ದಾರೆ, ಗೊತ್ತುಂಟಾ?" ಎಂದು ಶುರು ಮಾಡಿದರು. ಅವರು ಹೇಳಿದ್ದು ಸುಳ್ಳೇನೂ ಅಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಇನ್ನೊಂದು ಎಡಿಟರ್ ಇದೆ, ಇದೂ ಪುಕ್ಕಟೆ. 2025ರ ಜೂನ್ ಹೊತ್ತಿಗೆ ಕಳ್ಳರು ಅದರ ಜಾಲತಾಣ ಇದ್ದ ಸರ್ವರಿಗೇ ಕನ್ನ ಹಾಕಿದರು. ಅಪ್‌ಡೇಟ್ ಕೇಳಿಕೊಂಡು ಬಂದವರಲ್ಲಿ ತಮಗೆ ಬೇಕಾದ ಕೆಲವರನ್ನು ಆರಿಸಿ ಬೇರೆ ದಾರಿಗೆ ತಿರುಗಿಸಿ, ಮದ್ದಿನ ಬದಲು ವಿಷ ಕೊಟ್ಟು ಕಳಿಸಿದರು. ಬಂದ ಸರಕು ಅಸಲಿಯೋ ನಕಲಿಯೋ ಎಂದು ಹಳೆಯ ಅಪ್‌ಡೇಟರ್ ಸರಿಯಾಗಿ ನೋಡುತ್ತಿರಲಿಲ್ಲ. ಡಿಸೆಂಬರಿನ ಆವೃತ್ತಿಯಲ್ಲಿ ಡಿಜಿಟಲ್ ಸಹಿ ನೋಡದೆ ಒಳಗೆ ಬಿಡಬಾರದು ಎಂದು ಬಿಗಿ ಮಾಡಿದರು.

"ಹಾಂ!" ಎಂದು ಇಡೀ ಮೀಟಿಂಗು ಎದೆಯುಬ್ಬಿಸಿತು. ತಾವು ಏನೂ ಮಾಡದೇ ಕೂತದ್ದು ಸೋಮಾರಿತನ ಅಲ್ಲ, ಭದ್ರತಾ ನೀತಿ ಎಂದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಉಬುಂಟು ಕಳಿಸುವ ಪ್ಯಾಕೇಜುಗಳ ಪಟ್ಟಿಗೆ ಮೊದಲಿನಿಂದಲೂ ಡಿಜಿಟಲ್ ಸಹಿ ಇರುತ್ತದೆ, ನಡುದಾರಿಯಲ್ಲಿ ಯಾರಾದರೂ ಕೈ ಹಾಕಿದರೆ ಸಿಸ್ಟಮ್ ತಿರಸ್ಕರಿಸುತ್ತದೆ ಎಂದು ಹುಡುಗ ಹೇಳಿದ. ಆದರೆ ಅಷ್ಟೊತ್ತಿಗೆ ಎರಡನೇ ಸುತ್ತಿನ ಚಾ ಬಂದಿತ್ತು.

ಆಮೇಲೆ ರೀಸ್ಟಾರ್ಟಿನ ಪ್ರಶ್ನೆ ಎದ್ದಿತು. ಸರ್ವರ್ ಒಮ್ಮೆ ಆಫ್ ಮಾಡಿದರೆ ಮತ್ತೆ ಎದ್ದೀತೆಂಬ ಧೈರ್ಯ ಯಾರಿಗೂ ಇಲ್ಲ. ಆಯುಧ ಪೂಜೆಯ ಕುಂಕುಮ ಅದರ ಫ್ಯಾನಿನೊಳಗೆ ಎಷ್ಟು ಹೋಗಿದೆಯೋ. ವಿಮ್ ಅಪ್‌ಡೇಟಿಗೆ ರೀಸ್ಟಾರ್ಟೇ ಬೇಡ, ತೆರೆದಿದ್ದರೆ ಮುಚ್ಚಿ ಮತ್ತೆ ತೆರೆದರಾಯಿತು ಎಂಬುದು ಬೇರೆ ಮಾತು. ಇದೇ ತಾಲೂಕಿನ ಕೈಗಾದಲ್ಲಿ ಒಂದನೇ ಘಟಕ 962 ದಿನ ಎಡೆಬಿಡದೆ ಓಡಿ, ಆಗಿನ ವಿಶ್ವದಾಖಲೆ ಬರೆದು, 2018ರ ಡಿಸೆಂಬರ್ 31ರಂದು ತಪಾಸಣೆಗೆಂದು ಶಿಸ್ತಾಗಿ ನಿಂತಿತು. ಪರಮಾಣು ಸ್ಥಾವರವೇ ನಿಂತು ಮೈ ತೋರಿಸಿಕೊಂಡಿದೆ. ನಮ್ಮ ಸರ್ವರಿಗೆ ಮಾತ್ರ ಆಗುವುದಿಲ್ಲ. ಹಾಗಂತ ಅದು ನಿಂತೇ ಇಲ್ಲ ಎಂದುಕೊಳ್ಳಬೇಡಿ. ಜೂನ್ ಜುಲೈನಲ್ಲಿ ಗಾಳಿಮಳೆಗೆ ಕರೆಂಟು ಹೋಗಿ, ಯುಪಿಎಸ್ ಕೂಗಿ ಕೂಗಿ ಸುಮ್ಮನಾಗಿ, ಅದು ವಾರಕ್ಕೆರಡು ಸಲ ಬಿದ್ದು ತಾನೇ ಎದ್ದಿದೆ. ಅದು ದೈವೇಚ್ಛೆ, ಅದಕ್ಕೆ ಕಡತ ಬೇಡ.

ಸಾಹೇಬರಿಗೆ ಇದ್ದ ನಿಜವಾದ ಭಯ ಬೇರೆ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಅದರ ಪಟ್ಟಿಯಲ್ಲಿರುವ ಸೈಬರ್ ಘಟನೆ ನಡೆದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಆರು ಗಂಟೆಯಲ್ಲಿ ಈ ಕಚೇರಿಯ ತಪಾಲು ನೆಲಮಹಡಿಯಿಂದ ಮೊದಲ ಮಹಡಿಗೆ ಹೋಗುವುದಿಲ್ಲ. ಮೇಡಂ ನಿರ್ದೇಶನವನ್ನು ಮತ್ತೊಮ್ಮೆ ನಿಧಾನಕ್ಕೆ ಓದಿದರು. "ಸರ್, ಘಟನೆ ಆದ ಆರು ಗಂಟೆ ಅಂತ ಇಲ್ಲ. ಗಮನಕ್ಕೆ ಬಂದ ಆರು ಗಂಟೆ ಅಂತ ಇದೆ." ಸಾಹೇಬರ ಮುಖ ಅರಳಿತು. ಅಂದಿನಿಂದ ಸರ್ವರ್ ಕೋಣೆಗೆ ಬೀಗ, ಅದರ ದಿನಚರಿಯಾದ ಲಾಗ್ ನೋಡುವುದಕ್ಕೆ ಯಾರಿಗೂ ಅನುಮತಿ ಇಲ್ಲ, ರೂಟ್ ಪಾಸ್‌ವರ್ಡನ್ನು ಅರಗು ಹಾಕಿದ ಲಕೋಟೆಯಲ್ಲಿಟ್ಟು ಮ್ಯಾನೇಜರ ಗೋದ್ರೇಜಿಗೆ ಸೇರಿಸಲಾಯಿತು. ಏನೂ ಗಮನಕ್ಕೆ ಬರದಂತೆ ಕಟ್ಟುನಿಟ್ಟಿನ ನಿಗಾ.

ಆದರೂ ವರದಿ ಕಳಿಸಬೇಕಲ್ಲ. ಮೂರು ಕೊಟೇಷನ್ ತರಿಸುವುದೆಂದು ತೀರ್ಮಾನವಾಯಿತು. ಮೊದಲ ಅಂಗಡಿಯವನು ಪ್ರಾಮಾಣಿಕ, 'ಸೊನ್ನೆ' ಎಂದು ಬರೆದುಕೊಟ್ಟ. ಎರಡನೆಯವನು ಮೊದಲನೆಯವನ ಭಾವನೆಂಟ, ಅವನೂ 'ಸೊನ್ನೆ' ಎಂದ. ಮೂರನೆಯವನಿಗೆ ಕಚೇರಿ ವ್ಯವಹಾರದ ಅನುಭವ ಇತ್ತು. 'ಅಪ್‌ಡೇಟ್ ಶುಲ್ಕ: ಸೊನ್ನೆ. ಸ್ಥಳ ಭೇಟಿ, ಪೂರ್ವ ಪರಿಶೀಲನೆ, ಗುಂಡಿ ಒತ್ತುವಿಕೆ, ಉತ್ತರ ಪರಿಶೀಲನೆ ಸೇರಿ: 18,500. ಜಿಎಸ್‌ಟಿ ಶೇ. 18: 3,330. ಒಟ್ಟು 21,830.' ಮೇಜಿನ ಸುತ್ತ ಇದ್ದವರೆಲ್ಲ ನಿಟ್ಟುಸಿರು ಬಿಟ್ಟರು. ಕೊನೆಗೂ ಒಂದು ಕೆಲಸದಂಥ ಕೆಲಸ ಕಂಡಿತು. ಕಡಿಮೆ ದರದವರಿಗೇ ಕೊಡಬೇಕಲ್ಲವೇ ಎಂದು ಯಾರೋ ಗೊಣಗಿದರು. ಅದಕ್ಕೂ ದಾರಿ ಸಿಕ್ಕಿತು. ಮೊದಲ ಇಬ್ಬರನ್ನು 'ದರ ನಮೂದಿಸಿರುವುದಿಲ್ಲ' ಎಂದು ತಿರಸ್ಕರಿಸಲಾಯಿತು.

ಮಂಜೂರಾತಿ ಬಂತು. ಗೋದ್ರೇಜು ತೆರೆಯಲು ಇಬ್ಬರು ಸಾಕ್ಷಿ, ಒಂದು ಮಹಜರು. ಅಂಗಡಿಯ ಎಂಜಿನಿಯರ್ ಮೋಟರ್ ಸೈಕಲ್ಲಿನಲ್ಲಿ ರೇನ್‌ಕೋಟು ಸಮೇತ ಬಂದ, ಸಾಹೇಬರು ನಿಂತು ನೋಡಿದರು, ಹೆಗಡೇರು ತೆಂಗಿನಕಾಯಿ ಒಡೆಯಲೋ ಎಂದು ಕೇಳಿದರು. ಹುಡುಗ ಹೇಳಿದ್ದ ಅದೇ ಎರಡು ಸಾಲನ್ನು ಎಂಜಿನಿಯರ್ ಟೈಪ್ ಮಾಡಿದ. ಪರದೆಯ ಮೇಲೆ ನಾಲ್ಕಾರು ಸಾಲು ಸರಸರ ಹತ್ತಿ ಕೊನೆಗೆ ನಿಂತದ್ದು ಹೀಗೆ: ಅಪ್‌ಗ್ರೇಡ್ ಆದದ್ದು 0, ಹೊಸದಾಗಿ ಸೇರಿದ್ದು 0, ತೆಗೆದದ್ದು 0.

ಏನೂ ಇಲ್ಲ. ಅಪ್‌ಡೇಟ್ ಆಗುವುದಕ್ಕೇ ಏನೂ ಉಳಿದಿರಲಿಲ್ಲ.

ಹುಡುಗ ಮುಂದೆ ಬಗ್ಗಿ ಲಾಗ್ ತೆರೆಸಿದ. ಆಗ ಗೊತ್ತಾಯಿತು. ಉಬುಂಟು ಸರ್ವರಿನಲ್ಲಿ ಭದ್ರತಾ ಅಪ್‌ಡೇಟುಗಳನ್ನು ತಾನಾಗಿಯೇ ಹಾಕಿಕೊಳ್ಳುವ ವ್ಯವಸ್ಥೆ ಮೊದಲಿನಿಂದಲೂ ಚಾಲೂ ಇರುತ್ತದೆ. ಯಾರೂ ಆಫ್ ಮಾಡದಿದ್ದರೆ ದಿನಾ ಬೆಳಗಿನ ಆರು ಏಳರ ನಡುವೆ ಅದು ತನ್ನ ಕೆಲಸ ಮಾಡಿ ಮುಗಿಸುತ್ತದೆ. ಕಚೇರಿಯವರು ಕಡತ ಹಿಡಿದು ಓಡಾಡುತ್ತಿದ್ದ ಅಷ್ಟೂ ತಿಂಗಳು, ಜಾಡಮಾಲಿ ಬರುವ ಮೊದಲೇ, ಸರ್ವರ್ ಒಂದೊಂದೇ ತೂತು ಮುಚ್ಚಿಕೊಂಡು ಕೂತಿತ್ತು. ಬೆಂಗಳೂರಿನಿಂದ ಮೊದಲ ಪತ್ರ ಬರುವ ಹೊತ್ತಿಗೇ ಅದರಲ್ಲಿದ್ದ ಲೋಪಗಳು ಸರಿಯಾಗಿ ಹೋಗಿದ್ದವು.

ಹಾಗಾದರೆ ಬೆಂಗಳೂರಿನವರಿಗೆ ಲೋಪ ಕಂಡದ್ದು ಹೇಗೆ? ಅವರು ನೋಡಿದ್ದು ಆವೃತ್ತಿಯ ಅಂಕಿ ಮಾತ್ರ. 8.2.3995 ಎಂದಿತ್ತು, ಹಳೆಯದು ಎಂದು ಬರೆದರು. ಉಬುಂಟುವಿನ ಕ್ರಮವೇ ಬೇರೆ: ಬಿಡುಗಡೆಯ ದಿನ ಇದ್ದ ಆವೃತ್ತಿಯನ್ನೇ ಇಟ್ಟುಕೊಂಡು, ಹೊಸ ಆವೃತ್ತಿಯಿಂದ ರಿಪೇರಿಯಷ್ಟನ್ನೇ ತಂದು ಹಳೆಯದಕ್ಕೆ ಸೇರಿಸುತ್ತಾರೆ. ಮುಂದಿನ ಅಂಕಿ ಬದಲಾಗುವುದಿಲ್ಲ, ಹಿಂದಿನ ಬಾಲದ ಅಂಕಿ ಬೆಳೆಯುತ್ತಾ ಹೋಗುತ್ತದೆ. ಬಾಲದವರೆಗೆ ಓದುವ ವ್ಯವಧಾನ ಬೆಂಗಳೂರಿನಲ್ಲೂ ಇರಲಿಲ್ಲ, ಕಾರವಾರದಲ್ಲೂ ಇರಲಿಲ್ಲ.

ಇಂಥ ಸುದ್ದಿ ಕೇಳಿದರೆ ನೀವು ನಾನು ಚಾ ಕುಡಿದು ಮನೆಗೆ ಹೋಗುತ್ತಿದ್ದೆವು. ಸಾಹೇಬರು ಕೆಂಪಾದರು. "ಮಂಜೂರಾತಿ ಆದದ್ದು ನಿನ್ನೆ. ಇದು ಎಂದಿನಿಂದ ನಡೀತಾ ಇದೆ? ಯಾರ ಅನುಮತಿ?" ಬೆಳಿಗ್ಗೆ ಆರು ಗಂಟೆ ಕಚೇರಿ ವೇಳೆಯೂ ಅಲ್ಲ. ಹಾಜರಾತಿ ಪುಸ್ತಕದಲ್ಲಿ ಸಹಿ ಇಲ್ಲ, ಬಯೋಮೆಟ್ರಿಕ್ ಇಲ್ಲ, ಮೇಲಧಿಕಾರಿಯ ಗಮನಕ್ಕೆ ತಂದಿಲ್ಲ. ಹುಡುಗನಿಗೆ ಕಾರಣ ಕೇಳಿ ನೋಟಿಸು ಹೋಯಿತು: 'ಸದರಿ ಸರ್ವರ್ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ ಸುಸ್ಥಿತಿಯಲ್ಲಿರುವ ಬಗ್ಗೆ ತಮ್ಮ ಲಿಖಿತ ಸಮಜಾಯಿಷಿಯನ್ನು ಮೂರು ದಿನದೊಳಗೆ ಸಲ್ಲಿಸುವುದು.' ಎಂಜಿನಿಯರಿನ ಬಿಲ್ಲಿಗೆ ಮಾತ್ರ ಅಡ್ಡಿಯಾಗಲಿಲ್ಲ. ಸ್ಥಳ ಭೇಟಿ ಆಗಿದೆ, ಗುಂಡಿ ಒತ್ತಿದ್ದೂ ಹೌದು.

ನೋಟಿಸಿನ ಜೊತೆಗೆ ಒಂದು ಆದೇಶವೂ ಹೊರಟಿತು, ಸ್ವಯಂಚಾಲಿತ ಅಪ್‌ಡೇಟನ್ನು ಕೂಡಲೇ ಬಂದ್ ಮಾಡತಕ್ಕದ್ದು ಎಂದು. ಅದನ್ನು ಹಿಡಿದುಕೊಂಡು ಹುಡುಗ ಮತ್ತೆ ಚೇಂಬರಿಗೆ ಹೋದ. ಈ ಸಲ ಅವನ ಮುಖದಲ್ಲಿ ಕಚೇರಿಯ ಅನುಭವ ಎದ್ದು ಕಾಣುತ್ತಿತ್ತು.

"ಬಂದ್ ಮಾಡಬಹುದು ಸರ್. ಆದ್ರೆ ಅದಕ್ಕೂ ಖರ್ಚಿಲ್ಲ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮೇಡಂ ಕಡೆಗೆ ನೋಡಿದರು. ಮೇಡಂ ಹೊಸ ಕಡತಕ್ಕೆ ಹೊಸ ಹಾಳೆ ಸೇರಿಸಿದರು. ಮೂರು ಕೊಟೇಷನ್ ಕೇಳಿ ಪತ್ರ ಹೋಗಿದೆ.